ಬೆಳೆದದ್ದು ಮಗುವಿನ ತಟ್ಟೆಗೂ ಬರಲಿ: ಆಹಾರ ಮತ್ತು ಆಟದ ಪಾಠ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಹೊಲಗಳಲ್ಲಿ ರಾಗಿ, ಅವರೆ, ಕಡಲೆಕಾಯಿ, ಟೊಮೆಟೊ ಹಾಗೂ ಸೊಪ್ಪು ಬೆಳೆಯುತ್ತವೆ. ಆದರೂ ಶಾಲೆಯ ಬಿಡುವಿನಲ್ಲಿ ಅನೇಕ ಮಕ್ಕಳ ಕೈಯಲ್ಲಿ ಕಾಣುವುದು ಅಂಗಡಿಯ ಕುರುಕಲು ತಿಂಡಿಯ ಪೊಟ್ಟಣ. ಊರು ಬೆಳೆದದ್ದನ್ನು ಊರಿನ ಮಗು ಉಣ್ಣದಿರುವುದು ಶಿಕ್ಷಕರೂ ಪೋಷಕರೂ ಗಮನಿಸಬೇಕಾದ ಸಂಗತಿ.

100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಬೆಳೆಯುವ ಮೂಳೆಗೆ ಈ ಅಂತರ ದೊಡ್ಡದು. ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆರಸ ನೆರವಾಗುತ್ತದೆ; ಊಟದೊಂದಿಗೆ ಕುಡಿಯುವ ಚಹಾ ಅಡ್ಡಿಯಾಗುತ್ತದೆ. ಸೊಪ್ಪು, ಕಾಳು ಬೆಂದ ನೀರನ್ನು ಚೆಲ್ಲದೆ ಸಾರು ಮಾಡುವ ಬಸ್ಸಾರಿನ ಪದ್ಧತಿಯಲ್ಲಿ ನೀರಿಗೆ ಇಳಿದ ಸತ್ವವೂ ಉಳಿಯುತ್ತದೆ. ಮುದ್ದೆ, ಬಸ್ಸಾರು, ಒಂದು ಹೋಳು ನಿಂಬೆ: ಇದು ಬಡವರ ಊಟವೆಂಬ ಕೀಳರಿಮೆ ಮಕ್ಕಳ ಮನಸ್ಸಿನಿಂದ ಹೋಗಬೇಕು.

ಶಾಲೆಯ ಬಿಸಿಯೂಟದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ 450 ಕಿಲೋಕ್ಯಾಲೊರಿ ಹಾಗೂ 12 ಗ್ರಾಂ ಪ್ರೋಟೀನ್, 6ರಿಂದ 8ನೇ ತರಗತಿಯ ಮಗುವಿಗೆ 700 ಕಿಲೋಕ್ಯಾಲೊರಿ ಹಾಗೂ 20 ಗ್ರಾಂ ಪ್ರೋಟೀನ್ ನಿಗದಿಯಾಗಿದೆ. ಮಗು ತರಕಾರಿ, ಬೇಳೆಗಳನ್ನು ತಟ್ಟೆಯ ಅಂಚಿಗೆ ಸರಿಸಿದರೆ ಈ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಶಿಕ್ಷಕರು ಮಕ್ಕಳ ಸಾಲಿನಲ್ಲಿ ಕುಳಿತು ಅದೇ ಊಟವನ್ನು ಉಣ್ಣುವುದು ಹತ್ತು ಉಪದೇಶಕ್ಕಿಂತ ಪರಿಣಾಮಕಾರಿ.

ಆಹಾರದಷ್ಟೇ ಆಟವೂ ಅಗತ್ಯ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಕಬಡ್ಡಿ, ಖೊ-ಖೊ, ಲಗೋರಿ, ಕುಂಟೆಬಿಲ್ಲೆಗಳಿಗೆ ಹೆಚ್ಚಿನ ಖರ್ಚಿಲ್ಲ. ಆಟದ ಅವಧಿಯನ್ನು ಬೇರೆ ಪಾಠಕ್ಕೆ ಬಳಸುವುದಾಗಲಿ, ಶಿಕ್ಷೆಯಾಗಿ ಆಟ ತಪ್ಪಿಸುವುದಾಗಲಿ ಸಲ್ಲದು. ಹೆಣ್ಣುಮಕ್ಕಳಿಗೂ ಮೈದಾನದಲ್ಲಿ ಸಮಪಾಲು ದೊರೆಯಬೇಕು.

ತರಗತಿಯ ಚಟುವಟಿಕೆ: ಮಕ್ಕಳು ಒಂದು ವಾರ ತಮ್ಮ ಪುಸ್ತಕದಲ್ಲಿ ಮೂರು ವಿವರ ಬರೆಯಲಿ: ತಿಂದದ್ದೇನು, ಅದು ಬೆಳೆದದ್ದೆಲ್ಲಿ, ಆಡಿದ್ದು ಎಷ್ಟು ಹೊತ್ತು. ಶನಿವಾರ ಈ ಕುರಿತು ಚರ್ಚೆ ನಡೆಯಲಿ. ಮನೆಯ ಬಡತನ ಬಯಲಾಗುವಂತೆ ಯಾರ ಪಟ್ಟಿಯನ್ನೂ ಎಲ್ಲರೆದುರು ಓದಿಸಬಾರದು. ಒಂದು ಮಗುವನ್ನು ಇನ್ನೊಂದರೊಡನೆ ಹೋಲಿಸದೆ, ಪ್ರತಿ ಮಗುವೂ ತನ್ನ ಕಳೆದ ವಾರಕ್ಕೆ ಈ ವಾರವನ್ನು ಹೋಲಿಸಿಕೊಳ್ಳುವಂತೆ ಮಾಡಿದರೆ ಸಾಕು.