ಹುಲಿಗೆ ಉಳಿದ ದಾರಿ ಎಷ್ಟು?

ಎರಡು ಮಂತ್ರ ಜೊತೆಯಾದಾಗ ಆಟ ಕೆಡುತ್ತದೆಯೋ ಇಲ್ಲವೋ ಎಂಬ ತೀರ್ಪು ಕೊನೆಗೆ ಡಿಎಂ ತಲೆಗೇ ಬರುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದವರಿಗೆ ಈ ಜಗಳ ಹೊಸದಲ್ಲ. ಹಾಗಾಗಿ ದಾಳಕ್ಕೆ ಎಷ್ಟು ಮುಖ, ಸೇವ್ ಎಂದರೇನು ಎಂದು ಹೇಳುತ್ತ ಕೂರುವುದಿಲ್ಲ. ನಾನು ಬಹಳ ಕಾಲ ಈ ತೀರ್ಪನ್ನು ತಪ್ಪು ತಕ್ಕಡಿಯಲ್ಲಿ ತೂಗಿದವನು. ಎರಡು ಮಂತ್ರ ಸೇರಿ ಎಷ್ಟು ಪೆಟ್ಟು ಕೊಡುತ್ತವೆಂದು ಕೂಡುವುದು, ಸರಾಸರಿ ತೆಗೆಯುವುದು, ಅಂಕಿ ದೊಡ್ಡದಾದರೆ ಆಗುವುದಿಲ್ಲ ಎನ್ನುವುದು, ಚಿಕ್ಕದಾದರೆ ಬಿಟ್ಟುಬಿಡುವುದು. ಲೆಕ್ಕ ಸರಿಯಿದ್ದರೆ ತೀರ್ಪೂ ಸರಿ ಎಂಬ ಹಟ ನನ್ನದಾಗಿತ್ತು. ಆ ಹಟದಿಂದ ತಡೆಯಬಾರದ್ದನ್ನು ತಡೆದೆ, ತಡೆಯಬೇಕಾದ್ದಕ್ಕೆ ಹೂಂ ಅಂದೆ. ಈಗ ನನ್ನ ವಾದ ಇಷ್ಟೆ: ಪೆಟ್ಟು ಹೆಚ್ಚಿಸುವ ಜೋಡಿ ಆಟವನ್ನು ಕೆಡಿಸುವುದು ಅಪರೂಪ, ದಾರಿ ಮುಚ್ಚುವ ಜೋಡಿ ಕೆಡಿಸುವುದು ಸಾಮಾನ್ಯ. ಮಂತ್ರ ಬಿದ್ದ ಮೇಲೆ ಎದುರಾಳಿಯ ಕೈಯಲ್ಲಿ ಇನ್ನೂ ಏನು ಉಳಿದಿದೆ ಎಂದು ಮೊದಲು ಎಣಿಸಬೇಕು. ಪೆಟ್ಟಿನ ಲೆಕ್ಕ ಆಮೇಲೆ.

ಹೊಸೂರು, ಡೆಂಕಣಿಕೋಟೆ, ತಳಿ ಕಡೆಯವರಿಗೆ ಇದನ್ನು ತೋರಿಸಲು ದಪ್ಪ ರೂಲ್‌ಬುಕ್ ಬೇಕಿಲ್ಲ, ಹುಲಿ-ಕುರಿ ಆಟ ಸಾಕು. ತಮಿಳಿನವರು ಆಡು-ಪುಲಿ ಆಟ್ಟಂ ಎನ್ನುವುದೂ ಇದನ್ನೇ. ತ್ರಿಕೋನದ ಗೆರೆಗಳು, 23 ಮನೆ, 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು, ಕುರಿ ಹುಲಿಯನ್ನು ಮುಟ್ಟಲೂ ಆಗದು. ಹದಿನೈದೂ ಕುರಿ ಹಲಗೆಗೆ ಇಳಿಯುವವರೆಗೆ ಇಳಿದ ಕುರಿ ಕದಲುವಂತೆಯೂ ಇಲ್ಲ. ನನ್ನ ಹಳೆಯ ತಕ್ಕಡಿಯಲ್ಲಿಟ್ಟರೆ ಕುರಿಯ ಕಡೆಯ ಪೆಟ್ಟು ಸೊನ್ನೆ, ಆದ್ದರಿಂದ ಆಟವೇ ಅನ್ಯಾಯ. ಆದರೆ ಕುರಿಗಳು ಗೆಲ್ಲುತ್ತವೆ, ಅದೂ ಒಂದು ಹುಲಿಯನ್ನೂ ಕೊಲ್ಲದೆ, ಕದಲಲು ಮನೆ ಇಲ್ಲದಂತೆ ಮಾಡಿ. ಇನ್ನೂ ಸೂಕ್ಷ್ಮ ನೋಡಿ. ಹಿಂದಿನ ಮನೆ ಖಾಲಿಯಿರುವ ಒಂಟಿ ಕುರಿ ಹುಲಿಯ ಊಟ. ಅದೇ ಗೆರೆಯಲ್ಲಿ ಅದರ ಬೆನ್ನಿಗೆ ಇನ್ನೊಂದು ಕುರಿ ಕೂತರೆ ಎರಡೂ ಸೇರಿ ಗೋಡೆ. ಸೊನ್ನೆಗೆ ಸೊನ್ನೆ ಕೂಡಿ ಗೋಡೆ ಆಯಿತಲ್ಲ, ಕೂಡುವ ಲೆಕ್ಕಕ್ಕೆ ಸಿಗದ್ದು ಅದೇ. ಹಾಗೆಂದು ಆಟ ಕೆಟ್ಟಿದೆಯೆ? ಇಲ್ಲ. ಕುರಿ ಗೋಡೆ ಕಟ್ಟುವುದು ಒಂದೊಂದೇ ನಡೆಯಲ್ಲಿ. ಪ್ರತಿ ನಡೆಗೂ ಹುಲಿಗೆ ಉತ್ತರ ಕೊಡುವ ಸರದಿ ಇದೆ. ಕೊನೆಗೆ ಕಟ್ಟಿಬಿದ್ದ ಹುಲಿ ತನ್ನ ತಪ್ಪಿನಿಂದ ಕಟ್ಟಿಬಿದ್ದಿರುತ್ತದೆ.

ಮೊದಲು ನಾನು ಅನ್ಯಾಯವಾಗಿ ತಡೆದ ಬಗೆಯದನ್ನು ನೋಡೋಣ. ಸ್ಪೈಕ್ ಗ್ರೋತ್ ಎಂಬ ಎರಡನೇ ಹಂತದ ಮಂತ್ರ ನೆಲದ ತುಂಬ ಮುಳ್ಳು ಎಬ್ಬಿಸುತ್ತದೆ. ಅದರೊಳಗೆ ಐದೈದು ಅಡಿ ಸರಿದಂತೆಲ್ಲ 2ಡಿ4, ಸರಾಸರಿ 5 ಪೆಟ್ಟು. ಇನ್ನೊಬ್ಬ ವಾರ್ಲಾಕ್ ತನ್ನ ಎಲ್ಡ್ರಿಚ್ ಬ್ಲಾಸ್ಟ್‌ಗೆ ರಿಪೆಲಿಂಗ್ ಬ್ಲಾಸ್ಟ್ ಸೇರಿಸಿಕೊಂಡಿದ್ದರೆ ತಗುಲಿದ ಪ್ರತಿ ಕಿರಣವೂ ವೈರಿಯನ್ನು ಹತ್ತು ಅಡಿ ತಳ್ಳುತ್ತದೆ. ಐದನೇ ಹಂತದಲ್ಲಿ ಎರಡು ಕಿರಣ, ಇಪ್ಪತ್ತು ಅಡಿ, ಮುಳ್ಳಿನಿಂದಲೇ ಸರಾಸರಿ 20. ಕಿರಣದ ಪೆಟ್ಟು ಬೇರೆ. ಕಾಗದದ ಮೇಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇದಕ್ಕೆ ಇಬ್ಬರು ಆಟಗಾರರ ಸರದಿ ಖರ್ಚಾಗಿದೆ, ಒಬ್ಬನ ಕಾನ್ಸಂಟ್ರೇಷನ್ ಕಟ್ಟಿಬಿದ್ದಿದೆ, ಪೆಟ್ಟು ಬಿದ್ದದ್ದು ಒಬ್ಬ ವೈರಿಗೆ. ಅದೇ ಹಂತದಲ್ಲಿ ಒಬ್ಬನೇ ಎಸೆಯುವ ಫೈರ್‌ಬಾಲ್ 8ಡಿ6, ಸರಾಸರಿ 28, ಇಪ್ಪತ್ತು ಅಡಿ ತ್ರಿಜ್ಯದೊಳಗೆ ಸಿಕ್ಕ ಎಲ್ಲರಿಗೂ. ಇನ್ನು ಮುಳ್ಳಿನಲ್ಲಿ ಸಿಕ್ಕ ವೈರಿಯ ದಾರಿಗಳನ್ನು ಎಣಿಸಿ: ನಿಂತಲ್ಲೇ ನಿಂತು ಬಾಣ ಬಿಡಬಹುದು, ರೆಕ್ಕೆಯಿದ್ದರೆ ಮೇಲೇಳಬಹುದು, ಮುಳ್ಳು ಎಬ್ಬಿಸಿದವನಿಗೆ ಹೊಡೆದು ಕಾನ್ಸಂಟ್ರೇಷನ್ ಮುರಿಯಬಹುದು, ನೋವು ನುಂಗಿ ಹೊರಗೆ ಓಡಬಹುದು. ನಾಲ್ಕು ದಾರಿ ತೆರೆದೇ ಇರುವ ಜೋಡಿಯನ್ನು ಅಂಕಿ ನೋಡಿ ತಡೆದರೆ ಆಟಗಾರರ ಜಾಣತನಕ್ಕೆ ದಂಡ ಹಾಕಿದ ಹಾಗೆ.

ಇನ್ನು ನಾನು ಬಿಟ್ಟುಕೊಟ್ಟದ್ದು. ಇದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಇದರ ಕೇಡೂ ನಿಧಾನದ್ದೆ. 2014ರ ನಿಯಮದಲ್ಲಿ ಫೋರ್ಸ್‌ಕೇಜ್ ಏಳನೇ ಹಂತದ ಮಂತ್ರ, 13ನೇ ಹಂತದ ಮಂತ್ರವಾದಿಗೆ ಸಿಗುತ್ತದೆ. ನೂರು ಅಡಿ ದೂರದಿಂದ ಇಪ್ಪತ್ತು ಅಡಿ ಚೌಕದ ಕಂಬಿ ಪಂಜರ ಇಳಿಸಬಹುದು. ಸಿಕ್ಕಿಬೀಳುವುದಕ್ಕೆ ಸೇವ್ ಇಲ್ಲ, ಕಾನ್ಸಂಟ್ರೇಷನ್ ಬೇಕಿಲ್ಲ, ಒಂದು ಗಂಟೆ ಅಲ್ಲಾಡದು, ಡಿಸ್ಪೆಲ್ ಮ್ಯಾಜಿಕ್‌ಗೂ ಬಗ್ಗದು. ಪೆಟ್ಟು ಸೊನ್ನೆ. ಇದರ ಜೊತೆಗೆ 2017ರ ಜನಾತರ್ಸ್ ಗೈಡ್ ಪುಸ್ತಕದ ಸಿಕನಿಂಗ್ ರೇಡಿಯನ್ಸ್: ನಾಲ್ಕನೇ ಹಂತ, ಹತ್ತು ನಿಮಿಷ ಕಾನ್ಸಂಟ್ರೇಷನ್, ಮೂವತ್ತು ಅಡಿ ಹರಡುವ ಹಸಿರು ಬೆಳಕು. ಅದರೊಳಗೆ ಸರದಿ ಶುರುಮಾಡಿದವನು ಕಾನ್ಸ್ಟಿಟ್ಯೂಷನ್ ಸೇವ್ ಸೋತರೆ 4ಡಿ10, ಸರಾಸರಿ 22 ಪೆಟ್ಟು, ಜೊತೆಗೆ ಬಳಲಿಕೆಯ ಒಂದು ಮೆಟ್ಟಿಲು. ಆರನೇ ಮೆಟ್ಟಿಲು ಸಾವು. ಈಗ ಪಂಜರದೊಳಗೆ ಪ್ರಾಯಕ್ಕೆ ಬಂದ ಕೆಂಪು ಡ್ರ್ಯಾಗನ್ನನ್ನೇ ಇಡಿ. ಎಚ್‌ಪಿ 256, ಆ ಸೇವ್‌ಗೆ +13. ಮಂತ್ರವಾದಿಯ ಗಡಿ 18 ಎಂದುಕೊಂಡರೆ ದಾಳದಲ್ಲಿ 5 ಬಿದ್ದರೂ ಅದು ಪಾಸು, ಐದರಲ್ಲಿ ಒಂದು ಸಲ ಮಾತ್ರ ಫೇಲು. ಅಂದರೆ ಸುತ್ತಿಗೆ ಸರಾಸರಿ 4 ಚಿಲ್ಲರೆ ಪೆಟ್ಟು. ಒಂದು ಫೈರ್‌ಬಾಲಿನ ಆರನೇ ಒಂದು ಭಾಗವೂ ಇಲ್ಲ. ನನ್ನ ತಕ್ಕಡಿ ಇದಕ್ಕೆ ನಗುನಗುತ್ತ ಪಾಸ್ ಕೊಟ್ಟಿತು.

ಆದರೆ ಹತ್ತು ನಿಮಿಷವೆಂದರೆ ಆರು ಸೆಕೆಂಡಿನ ನೂರು ಸುತ್ತು. ಡ್ರ್ಯಾಗನ್ನಿಗೆ ದಿನಕ್ಕೆ ಮೂರು ಲೆಜೆಂಡರಿ ರೆಸಿಸ್ಟೆನ್ಸ್ ಉಂಟು, ಮೊದಲ ಮೂರು ಫೇಲನ್ನು ಅದು ಅಳಿಸಿಕೊಳ್ಳುತ್ತದೆ. ಆಮೇಲೆ ಒಂದು ಮೆಟ್ಟಿಲು, ಎರಡು, ಮೂರು. ಮೂರಕ್ಕೆ ಬಂದರೆ ಸೇವ್‌ಗೆ ಎರಡು ದಾಳ ಎಸೆದು ಚಿಕ್ಕದನ್ನು ಹಿಡಿಯಬೇಕು. ಐದರಲ್ಲೊಂದು ಇದ್ದ ಸೋಲು ಮೂರರಲ್ಲೊಂದಕ್ಕಿಂತ ಹೆಚ್ಚಾಯಿತು. ನಾಲ್ಕಕ್ಕೆ ಎಚ್‌ಪಿ ಗಡಿ ಅರ್ಧ, ಐದಕ್ಕೆ ಕಾಲೇ ಏಳದು, ಆರಕ್ಕೆ ಮುಗಿಯಿತು. ಲೆಕ್ಕ ಹಾಕಿದರೆ ಸರಾಸರಿ 38 ಸುತ್ತು, ನಾಲ್ಕು ನಿಮಿಷಕ್ಕೂ ಕಡಿಮೆ. ಆರನೆಯ ಸೋಲು ಬರುವ ಹೊತ್ತಿಗೆ ಅದರ ಎಚ್‌ಪಿ ಇನ್ನೂ ನೂರರ ಆಸುಪಾಸಿನಲ್ಲೇ ಇರುತ್ತದೆ. ಈ 38 ಸುತ್ತೂ ಡ್ರ್ಯಾಗನ್ ಮಾಡುವುದಾದರೂ ಏನು? ಕಂಬಿ ಮುರಿಯಲಾಗದು. ಬೆಂಕಿ ಉಗುಳಿದರೆ ಸರಾಸರಿ 63 ಪೆಟ್ಟು, ಆದರೆ ಅರವತ್ತು ಅಡಿಗೆ ನಿಲ್ಲುತ್ತದೆ, ಮಂತ್ರವಾದಿ ನಿಂತದ್ದು ನೂರಡಿಗೆ. ರೆಕ್ಕೆ ಇದೆ, ಆಕಾಶ ಇಲ್ಲ. ಪುಸ್ತಕದಲ್ಲಿ ಕೊಟ್ಟ ರೂಪದಲ್ಲಿ ಅದಕ್ಕೆ ಟೆಲಿಪೋರ್ಟ್ ಬಾರದು. ಡಿಎಂ ದಾಳ ಎಸೆಯುತ್ತಾನೆ, ಬರೆದುಕೊಳ್ಳುತ್ತಾನೆ, ಮತ್ತೆ ಎಸೆಯುತ್ತಾನೆ. ಉಳಿದ ಆಟಗಾರರಿಗೆ ಮಾಡಲು ಕೆಲಸವಿಲ್ಲ. ಗೆದ್ದವನಿಗೂ ಆಡಲು ಏನೂ ಉಳಿದಿಲ್ಲ. ತಿಂಗಳುಗಟ್ಟಲೆ ಕಾದ ಕಾಳಗ ರೇಷನ್ ಅಂಗಡಿ ಕ್ಯೂ ಆಗಿಬಿಡುತ್ತದೆ.

ಈ ವ್ಯತ್ಯಾಸ ನಮ್ಮವರಿಗೆ ಹೊಸದಾಗಿ ಹೇಳಿಕೊಡಬೇಕಾದ್ದಲ್ಲ. ಕೃಷ್ಣಗಿರಿ, ಧರ್ಮಪುರಿ ಸೀಮೆಯಲ್ಲಿ ದ್ರೌಪದಮ್ಮನ ಗುಡಿಗಳ ಮುಂದೆ ಭಾರತದ ಕೂತ್ತು ಕಟ್ಟುತ್ತಾರೆ. ಅಲ್ಲಿ ಕೂತು ನೋಡಿದವರಿಗೆ ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ ಉಂಟೆಂದು ಗೊತ್ತು. ತಡೆಯಲೇ ಆಗದ ನಾರಾಯಣಾಸ್ತ್ರಕ್ಕೂ ಒಂದು ದಾರಿ ಬಿಟ್ಟಿದ್ದಾರೆ: ರಥದಿಂದಿಳಿದು ಆಯುಧ ಕೆಳಗಿಟ್ಟವನನ್ನು ಅದು ಕೊಲ್ಲದು. ಅಸ್ತ್ರ ಎಷ್ಟೇ ಘೋರವಿರಲಿ, ಜನ ಅದನ್ನು ಅನ್ಯಾಯ ಎನ್ನುವುದಿಲ್ಲ. ಅನ್ಯಾಯ ಎನ್ನುವುದು ಅಭಿಮನ್ಯುವಿನ ದಿನ. ಚಕ್ರವ್ಯೂಹ ಒಂದೇ ಆಗಿದ್ದರೆ ಅವನು ಭೇದಿಸಿದ ದಾರಿಯಲ್ಲಿ ಹಿಂದಿನಿಂದ ಭೀಮ ಬರುತ್ತಿದ್ದ. ಜಯದ್ರಥನ ವರ ಒಂದೇ ಆಗಿದ್ದರೆ ಅದು ಅರ್ಜುನನನ್ನು ಬಿಟ್ಟು ಉಳಿದ ಪಾಂಡವರನ್ನು ಒಂದು ದಿನ ತಡೆಯುವ ಚಿಕ್ಕ ವರ. ಸಂಶಪ್ತಕರು ಅರ್ಜುನನನ್ನು ದೂರ ಎಳೆದದ್ದು ಎಲ್ಲ ಯುದ್ಧದಲ್ಲೂ ಇರುವ ತಂತ್ರ. ಒಂದೊಂದನ್ನೇ ತೂಗಿದರೆ ಮೂರೂ ನ್ಯಾಯ. ಮೂರೂ ಸೇರಿದಾಗ ಹುಡುಗನಿಗೆ ಒಂದು ದಾರಿಯೂ ಉಳಿಯಲಿಲ್ಲ. ಕೌರವರ ಬಾಣಗಳ ಪೆಟ್ಟನ್ನು ಯಾರೂ ಕೂಡಿ ನೋಡಲಿಲ್ಲ, ಆದರೂ ತೀರ್ಪು ಎಲ್ಲರಿಗೂ ಗೊತ್ತಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ, ಏಳನೇ ಹಂತದ ಮಂತ್ರ ದಿನಕ್ಕೊಂದೇ, 1,500 ಚಿನ್ನದ ಮಾಣಿಕ್ಯದ ಪುಡಿಯೂ ಬೇಕು, ಅಪರೂಪವೇ ಅದರ ಬೆಲೆ ಎನ್ನುವುದು. 2014ರ ಪಠ್ಯವನ್ನು ಸರಿಯಾಗಿ ಓದಿ. ಪುಡಿ ಬೇಕು ಎಂದಿದೆ, ಖರ್ಚಾಗುತ್ತದೆ ಎಂದಿಲ್ಲ. ಒಮ್ಮೆ ಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಸಾಕು. ದಿನಕ್ಕೊಂದೇ ಎಂಬುದು ನಿಜ, ಆದರೆ ಮುಖ್ಯ ಕಾಳಗವೂ ದಿನಕ್ಕೊಂದೇ. ಇಲ್ಲಿ ನಮ್ಮ ಊರಿನ ಮಾತೂ ಬರುತ್ತದೆ. 2014ರ ಡಿಎಂ ಪುಸ್ತಕ ಒಂದು ದಿನದ ಸಾಹಸಕ್ಕೆ ಆರರಿಂದ ಎಂಟು ಘರ್ಷಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದೆ. ಮಂತ್ರಗಳು ಹನಿಹನಿಯಾಗಿ ತೀರಬೇಕು ಎಂಬುದು ಅದರ ಆಸೆ. ಹೊಸೂರಿನಂಥ ಶಿಫ್ಟು ಊರಿನಲ್ಲಿ ಐದು ಜನರ ರಜೆ ಒಂದೇ ಸಂಜೆಗೆ ಕೂಡುವುದೇ ಹೆಚ್ಚು, ಸಿಕ್ಕ ಮೂರು ಗಂಟೆಯಲ್ಲಿ ಒಂದು ಕಾಳಗ ಮುಗಿದರೆ ಪುಣ್ಯ. ಅಂಥ ಮೇಜಿನಲ್ಲಿ ಮಂತ್ರವಾದಿ ಚೀಲ ತುಂಬಿಕೊಂಡೇ ಬರುತ್ತಾನೆ, ಅಪರೂಪ ಎಂಬ ಬೆಲೆ ಅಲ್ಲಿ ಚಲಾವಣೆಯಲ್ಲೇ ಇಲ್ಲ. ಕತ್ತಿ ಹಿಡಿದವನಿಗೆ ಈ ನಷ್ಟ ಮೊದಲು ತಟ್ಟುತ್ತದೆ, ಅವನ ಕತ್ತಿ ಎಂಟನೇ ಕಾಳಗದಲ್ಲೂ ಮೊಂಡಾಗದು ಎಂಬ ಗುಣಕ್ಕೆ ಎಂಟನೇ ಕಾಳಗವೇ ಬರುವುದಿಲ್ಲವಲ್ಲ.

ಎರಡನೆಯದು, ಡಿಎಂ ಇದ್ದಾನಲ್ಲ, ಸರಿಮಾಡಿಕೊಳ್ಳಲಿ ಎಂಬುದು. ಅಸ್ಥಿಪಂಜರಗಳಿಗೆ, ಕಬ್ಬಿಣದ ಗೋಲೆಮ್‌ಗಳಿಗೆ ಬಳಲಿಕೆ ತಾಗದು, ಅವನ್ನೇ ತರಲಿ, ಇಲ್ಲವೆ ಎಲ್ಲ ಖಳರಿಗೂ ಟೆಲಿಪೋರ್ಟ್ ಕಲಿಸಲಿ. ಒಂದು ಜೋಡಿಗಾಗಿ ಇಡೀ ಲೋಕವನ್ನು ತಿದ್ದುವುದು ಆ ಜೋಡಿ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿ, ಸರಿಯಿದೆ ಎಂಬುದಕ್ಕಲ್ಲ. ವೈರಿಯೂ ಇದನ್ನೇ ಬಳಸಬಹುದಲ್ಲ ಎನ್ನುವವರಿಗೆ ಒಂದೇ ಪ್ರಶ್ನೆ: ಪಂಜರದಲ್ಲಿ ಕೂತು 38 ಸುತ್ತು ಸೇವ್ ಎಸೆಯಲು ನಿಮ್ಮಲ್ಲಿ ಯಾರು ತಯಾರು?

ಗಟ್ಟಿಯಾದ ಆಕ್ಷೇಪ ಲೆಕ್ಕದವರದು. ದಾರಿ ಎಣಿಸುವುದು ಬರೀ ಅನಿಸಿಕೆ, ಕಂಪ್ಯೂಟರಿಗೆ ಕೊಟ್ಟು ಸಾವಿರ ಸಲ ಆಡಿಸಿ ಗೆಲುವಿನ ಪಾಲು ನೋಡಿ ಎನ್ನುತ್ತಾರೆ. ಹುಲಿ-ಕುರಿಯ ನೇಪಾಳಿ ದಾಯಾದಿ ಬಾಗ್ ಚಾಲ್‌ನಲ್ಲಿ ಇದು ಆಗಿದೆ: 25 ಮನೆ, 4 ಹುಲಿ, 20 ಆಡು. ಎರಡೂ ಕಡೆ ತಪ್ಪಿಲ್ಲದೆ ಆಡಿದರೆ ಆಟ ಸಮ ಎಂದು ಗಣಕ ವಿಜ್ಞಾನಿಗಳು ಸಾಧಿಸಿ ತೋರಿಸಿದ್ದಾರೆ. ನನಗೆ ಅದರ ಮೇಲೆ ಗೌರವವಿದೆ. ಆದರೆ ಅಲ್ಲಿ ಪ್ರತಿ ನಡೆಗೂ ಎದುರು ನಡೆಯಿತ್ತು, ಎಣಿಸಲು ಏನಾದರೂ ಇತ್ತು. ಗೆಲುವಿನ ಪಾಲನ್ನೇ ನೋಡಿದರೆ ಡ್ರ್ಯಾಗನ್ನನ್ನು ಕತ್ತಿ, ಬಾಣ, ಬೆಂಕಿಯಿಂದ ಕಷ್ಟಪಟ್ಟು ಕೊಂದ ತಂಡವೂ ಪಂಜರ ಹಾಕಿ ಕೊಂದ ತಂಡವೂ ಒಂದೇ ಅಂಕ ಪಡೆಯುತ್ತವೆ. ಮೊದಲನೆಯದರಲ್ಲಿ ಐದು ಜನ ಆಡಿದರು, ಎರಡನೆಯದರಲ್ಲಿ ಒಬ್ಬ ಆಡಿದ, ಅದೂ ಎರಡು ಸರದಿ. ಆ ಅಂಕೆಗೆ ಇದು ಕಾಣುವುದಿಲ್ಲ.

ಆಟ ಬರೆಯುವವರೂ ಇದೇ ದಿಕ್ಕಿಗೆ ಬಂದಿದ್ದಾರೆ ಎಂದು ನನಗನಿಸುತ್ತದೆ. 2000ದ ಮೂರನೇ ಆವೃತ್ತಿ ಒಂದೇ ಜಾತಿಯ ಬೋನಸ್ಸುಗಳು ಒಂದರ ಮೇಲೊಂದು ಕೂಡದಂತೆ ಮಾಡಿತ್ತು, ಅಂದರೆ ಅಂಕಿಗೆ ಬೇಲಿ. 2014ರಲ್ಲಿ ಬಂದ ಕಾನ್ಸಂಟ್ರೇಷನ್ ನಿಯಮ ಒಬ್ಬ ಒಂದೇ ದೊಡ್ಡ ಮಂತ್ರ ಹಿಡಿದಿರಬೇಕು, ಹೊಡೆದರೆ ಅದು ಜಾರಬಹುದು ಎಂದಿತು. ಎದುರಾಳಿಗೆ ಕೈಯಾರೆ ಕೊಟ್ಟ ದಾರಿ ಅದು, ಆದರೆ ಫೋರ್ಸ್‌ಕೇಜ್ ಅದರಿಂದ ತಪ್ಪಿಸಿಕೊಂಡಿತ್ತು. 2024ರ ಪರಿಷ್ಕರಣೆಯಲ್ಲಿ ಅದಕ್ಕೂ ಕಾನ್ಸಂಟ್ರೇಷನ್ ಬಂತು, ಮಾಣಿಕ್ಯದ ಪುಡಿಯೂ ಖರ್ಚಾಗುತ್ತದೆ. ಹೀಗಾಗಿ ಹೊಸಬ ಡಿಎಂಗಳಿಗೆ ನಾನು ಹೇಳಬಹುದಾದ್ದು ಸ್ವಲ್ಪವೇ. ಸೇವ್ ಇಲ್ಲದ್ದು, ಕಾನ್ಸಂಟ್ರೇಷನ್ ಇಲ್ಲದ್ದು ಕಂಡರೆ ಎರಡು ಸಲ ಓದಿ. ಜೋಡಿಗೆ ಒಬ್ಬ ಸಾಕೆ, ಇಬ್ಬರು ಬೇಕೆ ಕೇಳಿ. ತಡೆಯುವುದಿದ್ದರೆ ಆಟಕ್ಕೆ ಮೊದಲೇ ಹೇಳಿ, ದಾಳ ಕೈಗೆ ಬಂದ ಮೇಲೆ ಬೇಡ.

ಹೊಸ ನಿಯಮದಲ್ಲಿ ಇಬ್ಬರು ಸೇರಿ ಇದೇ ಪಂಜರ, ಇದೇ ಬೆಳಕು ತಂದರೆ? ನಾನು ಬಿಡುತ್ತೇನೆ. ಹಳೆಯ ಪುಸ್ತಕದ ಡ್ರ್ಯಾಗನ್ ಒಳಗೆ ಅಷ್ಟೇ ನಿಸ್ಸಹಾಯಕ ನಿಜ, ಆದರೆ ಗುಹೆಯಲ್ಲಿ ಅದರ ಸೇವೆಗೆ ಕೊಬೊಲ್ಡ್‌ಗಳು ಎಂದಿನಿಂದಲೂ ಇವೆ, ಈ ಜೋಡಿಗೆಂದು ತಂದವಲ್ಲ. ಅವುಗಳ ಕವಣೆ ಕಲ್ಲಿನ ಪೆಟ್ಟು ಮೂರೋ ನಾಲ್ಕೋ. ಹಳೆಯ ನಿಯಮದಲ್ಲಿ ಆ ಕಲ್ಲು ಬೆಳಕನ್ನು ಆರಿಸಿದರೂ ಪಂಜರ ಹಾಗೇ ನಿಲ್ಲುತ್ತಿತ್ತು. ಈಗ ತಗುಲಿದ ಪ್ರತಿ ಕಲ್ಲಿಗೂ ಇಬ್ಬರಲ್ಲಿ ಒಬ್ಬ 10ರ ಸೇವ್ ಎಸೆಯಬೇಕು. ಪಂಜರ ಹಿಡಿದವನು ಸೋತರೆ ಕಂಬಿ ಮಾಯ.