ಪ್ಲಗ್ ಹೊಂದಿದರೆ ಸಾಲದು

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಣ್ಣನ ಕಾಲದ ಗೇಮ್‌ಬಾಯ್ ಸಿಕ್ಕಿತು ಎಂದುಕೊಳ್ಳಿ. ಅದರ ಲಿಂಕ್ ಕೇಬಲ್ ಕತ್ತರಿಸಿ ಯುಎಸ್‌ಬಿ ವೈರಿಗೆ ಬೆಸೆದರೆ ಕಂಪ್ಯೂಟರಿಗೆ ಜೋಡಿಸಬಹುದೇ? ಆತುರಪಡಬೇಡಿ. ಮೊದಲು ಈ ಮೂರನ್ನು ನೋಡಿ.

1. ಪಿನ್: ನಿಂಟೆಂಡೊ ಕಂಪನಿ 1989ರಲ್ಲಿ ತಂದ ಗೇಮ್‌ಬಾಯ್‌ನ ಲಿಂಕ್ ಪೋರ್ಟಿಗೆ 6 ಪಿನ್‌ಗಳು. 1996ರಲ್ಲಿ ಬಂದ ಯುಎಸ್‌ಬಿಗೆ ನಾಲ್ಕೇ ತಂತಿ.

2. ವೋಲ್ಟೇಜ್: ಗೇಮ್‌ಬಾಯ್ ಸಂಕೇತ 5 ವೋಲ್ಟ್. ಇಂದಿನ ಅನೇಕ ಚಿಪ್‌ಗಳು ತಾಳುವುದು 3.3 ವೋಲ್ಟ್ ಮಾತ್ರ. ಸಿರುಗುಪ್ಪದ ರೈತರು ತುಂಗಭದ್ರಾ ಕಾಲುವೆಯ ನೀರನ್ನು ತೂಬಿನಿಂದ ಹದವಾಗಿ ಗದ್ದೆಗೆ ಬಿಡುತ್ತಾರೆ; ಕಾಲುವೆಯನ್ನೇ ಒಡೆದರೆ ಪೈರು ಉಳಿಯದು. ಚಿಪ್ಪಿನ ಕಥೆಯೂ ಅಷ್ಟೇ.

3. ಭಾಷೆ: ಗೇಮ್‌ಬಾಯ್ ಸೆಕೆಂಡಿಗೆ 8192 ಬಿಟ್‌ಗಳನ್ನು ಒಂದೊಂದಾಗಿ ಕಳಿಸುತ್ತದೆ. ಯುಎಸ್‌ಬಿಯಲ್ಲಿ ಕಂಪ್ಯೂಟರ್ ಕೇಳಿದಾಗಲೇ ಉತ್ತರ, ಅದೂ ಪ್ಯಾಕೆಟ್ ರೂಪದಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು.

ಆದ್ದರಿಂದ ನಡುವೆ ದುಭಾಷಿ ಬೇಕು. ರಾಸ್‌ಬೆರಿ ಪೈ ಪಿಕೊದಂಥ ಚಿಕ್ಕ ಬೋರ್ಡಿಗೆ ತಕ್ಕ ಪ್ರೋಗ್ರಾಂ ಬರೆದರೆ ಈ ಕೆಲಸ ಮಾಡುತ್ತದೆ. ಅದರ ಪಿನ್‌ಗಳೂ 3.3 ವೋಲ್ಟಿನವು. ನಮ್ಮ ಲ್ಯಾಬಿನ ಮೂರು 10 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ. ಒಂದು ತುದಿಗೆ ಗೇಮ್‌ಬಾಯ್‌ನ ಔಟ್‌ಪುಟ್, ಇನ್ನೊಂದು ತುದಿಗೆ ಎರಡರ ಗ್ರೌಂಡ್. ಮೊದಲ ರೆಸಿಸ್ಟರ್ ದಾಟಿದ ಜಾಗದಿಂದ ಪಿಕೊಗೆ ತಂತಿ ಎಳೆಯಿರಿ. 5 × 20 ÷ 30 = 3.33 ವೋಲ್ಟ್. ಪಠ್ಯದ ಓಮ್‌ನ ನಿಯಮವೇ ಇಲ್ಲಿ ತೂಬು!

ಜೋಡಿಸುವ ಮುನ್ನ ಮಲ್ಟಿಮೀಟರಿನಿಂದ ಅಳೆಯಿರಿ, ಉಪನ್ಯಾಸಕರಿಗೆ ತೋರಿಸಿ. ಸುಟ್ಟ ಚಿಪ್ ಮತ್ತೆ ಜೀವ ಪಡೆಯದು.

ಅಭ್ಯಾಸ: 32 ಕಿಲೋಬೈಟ್ ಮಾಹಿತಿ ಈ ವೇಗದಲ್ಲಿ ಸಾಗಲು ಎಷ್ಟು ಸೆಕೆಂಡು ಬೇಕು? (ಉತ್ತರ: 32)