ಅನಿಲ ಪರೀಕ್ಷೆಯಲ್ಲಿ ೨೮ರ ಗೊಂದಲ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ತರುಣರಲ್ಲಿ ಕೆಲವರು ಕಾರಖಾನೆಗಳ ಲ್ಯಾಬೊರೇಟರಿಗಳಲ್ಲಿ ಸಹಾಯಕರಾಗಿದ್ದಾರೆ. ಅವರಲ್ಲೊಬ್ಬರು ಕೇಳಿದ ಪ್ರಶ್ನೆಯಿಂದ ಈ ಪಾಠ ಹುಟ್ಟಿತು. ಮುಚ್ಚಿದ ತೊಟ್ಟಿಯೊಂದರ ಗಾಳಿಯನ್ನು ಯಂತ್ರಕ್ಕೆ ಕೊಟ್ಟರೆ ೨೮ ಎಂಬ ತೂಕದಲ್ಲಿ ದೊಡ್ಡ ಶಿಖರ ಬಂದಿತಂತೆ. ಅದು ಬರಿಯ ಸಾರಜನಕವೋ, ಪ್ರಾಣ ತೆಗೆಯುವ ಕಾರ್ಬನ್ ಮಾನಾಕ್ಸೈಡೂ ಅದರಲ್ಲಿದೆಯೋ? ತೊಟ್ಟಿಗೆ ಇಳಿಯುವ ಕೂಲಿಯವನ ಜೀವ ಈ ಉತ್ತರದ ಮೇಲಿದೆ. ನಾನು ಮೆಟ್ರಿಕ್ ಓದಿದ ಗುಮಾಸ್ತ. ಕೆಮಿಸ್ಟರೊಬ್ಬರನ್ನು ಕೇಳಿ, ಪುಸ್ತಕ ನೋಡಿ ತಿಳಿದದ್ದನ್ನು ಬರೆಯುತ್ತೇನೆ.

ಈ ಯಂತ್ರ ಎರಡು ಯಂತ್ರಗಳ ಜೋಡಿ. ಮೊದಲನೆಯದು ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಅದರ ಉದ್ದನೆಯ ಸಣ್ಣ ಕೊಳವೆಗೆ ಕಾಲಮ್ ಎನ್ನುತ್ತಾರೆ. ಹೀಲಿಯಂ ಅನಿಲವು ಮಿಶ್ರಣವನ್ನು ಅದರೊಳಗೆ ತಳ್ಳಿಕೊಂಡು ಹೋಗುತ್ತದೆ; ಒಳಗಿನ ಪದಾರ್ಥಕ್ಕೆ ಹೆಚ್ಚು ಅಂಟುವ ಅನಿಲ ತಡವಾಗಿ ಹೊರಬೀಳುತ್ತದೆ. ಎರಡನೆಯದಾದ ಮಾಸ್ ಸ್ಪೆಕ್ಟ್ರೋಮೀಟರ್ ಹೊರಬಿದ್ದ ಅಣುಗಳನ್ನು ತೂಕದಂತೆ ವಿಂಗಡಿಸುತ್ತದೆ. (೧೯೧೩ರಲ್ಲಿ ಜೆ. ಜೆ. ಥಾಮ್ಸನ್ನರು ನಿಯಾನಿನಲ್ಲಿ ೨೦ ಮತ್ತು ೨೨ ತೂಕದ ಎರಡು ಬಗೆ ಕಂಡದ್ದು ಇಂಥ ವಿಂಗಡಣೆಯಿಂದಲೇ.)

ಈಗ ತೊಡಕು. ಸಾರಜನಕದ ತೂಕ ೨೮.೦೦೬, ಕಾರ್ಬನ್ ಮಾನಾಕ್ಸೈಡಿನದು ೨೭.೯೯೫. ಸಾಧಾರಣ ಯಂತ್ರಕ್ಕೆ ಎರಡೂ ೨೮. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ನಾವು ತಂದೆಯ ಹೆಸರು ನೋಡುವುದಿಲ್ಲವೇ? ಹಾಗೆ ಇಲ್ಲಿ ಅಣು ಒಡೆದ ಚೂರುಗಳನ್ನು ನೋಡುತ್ತಾರೆ: ಸಾರಜನಕ ೧೪ರಲ್ಲಿ ಚೂರು ಕೊಡುತ್ತದೆ, ಕಾರ್ಬನ್ ಮಾನಾಕ್ಸೈಡ್ ೧೨ರಲ್ಲಿ. ಆದರೆ ಕಾರ್ಬನ್ ಡೈಆಕ್ಸೈಡ್ ಕೂಡ ೧೨ರಲ್ಲಿಯೂ ೨೮ರಲ್ಲಿಯೂ ಚೂರು ಬಿಡುವುದರಿಂದ ಮೊದಲು ೪೪ರ ಶಿಖರ ನೋಡಿಕೊಳ್ಳಬೇಕು.

ಇಷ್ಟರಿಂದ ತೃಪ್ತರಾಗಬೇಡಿ. ಗಾಳಿಯ ಲಕ್ಷ ಪಾಲಿನಲ್ಲಿ ಸಾರಜನಕವೇ ಸುಮಾರು ೭೮,೦೦೦. ಕಾರ್ಬನ್ ಮಾನಾಕ್ಸೈಡ್ ಕೇವಲ ೧೨೦ ಪಾಲಿದ್ದರೂ ಜೀವಕ್ಕೆ ಅಪಾಯ. ೭೮,೦೦೦ದ ಲೆಕ್ಕದಲ್ಲಿ ೧೨೦ರ ತಪ್ಪನ್ನು ಯಾವ ಗುಮಾಸ್ತ ಬರಿಗಣ್ಣಿನಿಂದ ಹಿಡಿದಾನು! ಆದ್ದರಿಂದ ಎರಡನ್ನೂ ಕಾಲಮ್ಮಿನಲ್ಲಿಯೇ ಬೇರೆ ಮಾಡಬೇಕು. ಮಾಲಿಕ್ಯುಲರ್ ಸೀವ್ ತುಂಬಿದ ಕಾಲಮ್ಮಿನಿಂದ ಆಮ್ಲಜನಕ, ಸಾರಜನಕ, ಮೀಥೇನ್, ಕೊನೆಗೆ ಕಾರ್ಬನ್ ಮಾನಾಕ್ಸೈಡ್ ಈ ಕ್ರಮದಲ್ಲಿ ಬರುತ್ತವೆ. ಆ ಸೀವ್ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿ ಹಿಡಿದುಕೊಳ್ಳುತ್ತದೆ. ತೇವ ತುಂಬಿದಂತೆ ಅಂತರ ಕಡಮೆಯಾಗಿ ಕೊನೆಯ ಶಿಖರ ಸಾರಜನಕದ ಬಾಲದೊಳಗೆ ಸೇರಿಹೋಗುತ್ತದೆ. ಆಗ ಹೀಲಿಯಂ ಹರಿಸುತ್ತ ಸುಮಾರು ೩೦೦ ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ ಒಣಗಿಸಬೇಕು.

ಇನ್ನೊಂದು ಕಳ್ಳದಾರಿ ಸೋರಿಕೆ. ಹೊರಗಿನ ಗಾಳಿ ನುಗ್ಗಿದರೆ ವಿಷ ತೆಳುವಾಗಿ ವರದಿಯಲ್ಲಿ ಕಡಮೆ ಕಾಣುತ್ತದೆ. ಆಮ್ಲಜನಕವೇ ಇರಬಾರದ ಅನಿಲದಲ್ಲಾದರೆ ಪತ್ತೆ ಸುಲಭ: ೨ ಪಾಲು ಆಮ್ಲಜನಕ ಕಂಡರೆ ಅದರೊಡನೆ ಏಳೂವರೆ ಪಾಲು ಸಾರಜನಕ ಬಂದಿದೆ. ತೊಟ್ಟಿಯ ಮಾದರಿಯೇ ಗಾಳಿಯಾದ್ದರಿಂದ ಇಲ್ಲಿ ಆ ಲೆಕ್ಕ ನಡೆಯದು. ಅದೇ ನಳಿಗೆಗಳಲ್ಲಿ ಶುದ್ಧ ಹೀಲಿಯಂ ಮಾತ್ರ ಓಡಿಸಿ ನೋಡಿ. ಸಾರಜನಕದ ದೊಡ್ಡ ಶಿಖರ ಎದ್ದರೆ ಸೋರಿಕೆಯಿದೆ. ನಿರ್ವಾತದ ಕಡೆಯ ಕೀಲುಗಳಿಗೆ ಸಾಬೂನು ನೀರು ಹಚ್ಚಿ ಫಲವಿಲ್ಲ, ಅಲ್ಲಿ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಗುಳ್ಳೆ ಬರುವುದಿಲ್ಲ. ಪ್ರತಿಯೊಂದು ಕೀಲಿನ ಬಳಿ ಸ್ವಲ್ಪ ಆರ್ಗಾನ್ ಬಿಟ್ಟು ೪೦ರ ಅಂಕ ಏರುವುದೇ ನೋಡಬೇಕು. ಆರ್ಗಾನ್ ಗಾಳಿಗಿಂತ ಭಾರವಾದ್ದರಿಂದ ಕೆಳಗಿನ ಕೀಲಿನಿಂದ ಆರಂಭಿಸುವುದು ಒಳ್ಳೆಯದು. ಕೊನೆಗೆ, ಪ್ರಮಾಣ ಗೊತ್ತಿರುವ ಕಾರ್ಬನ್ ಮಾನಾಕ್ಸೈಡ್ ಮಿಶ್ರಣವನ್ನು ಅದೇ ದಾರಿಯಲ್ಲಿ ಕಳುಹಿಸಿ ಸರಿಯಾದ ಅಂಕ ಬರುವುದೇ ಪರೀಕ್ಷಿಸಬೇಕು.

ಎಲ್ಲ ಸರಿಯಿದ್ದರೂ ಈ ವರದಿ ಮಾದರಿ ತುಂಬಿದ ಗಳಿಗೆಯದು. ಇಳಿಯುವ ಹೊತ್ತಿಗೆ ತೊಟ್ಟಿಯ ಬಾಯಲ್ಲಿಯೂ ತಳದಲ್ಲಿಯೂ ಕೈಮೀಟರಿನಿಂದ ಮತ್ತೆ ನೋಡಲೇಬೇಕು.

ಆ ತರುಣರ ಲ್ಯಾಬಿನಲ್ಲಿ ತಪ್ಪಿದ್ದುದು ಕಾಲಮ್ಮಿನ ತೇವದಲ್ಲಿ. ಒಣಗಿಸಿ ಮತ್ತೆ ಓಡಿಸಿದಾಗ ಸಾರಜನಕದ ಬಾಲದಲ್ಲಿ ಅಡಗಿದ್ದ ಚಿಕ್ಕ ಶಿಖರ ಬೇರೆಯಾಗಿ ನಿಂತಿತು. ಅಂದು ಯಾರನ್ನೂ ತೊಟ್ಟಿಗೆ ಇಳಿಸಲಿಲ್ಲ.